ಕಿವಿಗಿಟ್ಟ ಸ್ಕ್ರೂಡ್ರೈವರ್

ಹಳೇ ಗಾಡಿಗೆ ಹೊಸ ಹುಚ್ಚು ಹತ್ತಿಸಿಕೊಂಡು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹರದನಹಳ್ಳಿಯ ಸುಧಾಕರ್ ಆ ಪೈಕಿ. ಚಾಮರಾಜನಗರ ಜಿಲ್ಲೆಯಾದ ವರ್ಷ ಅದು. ಅಲ್ಲಿ ರೇಷ್ಮೆ ಇಲಾಖೆಯಲ್ಲಿ ಅವನು ಗುಮಾಸ್ತ. ಗಲ್ಫಿನಿಂದ ಬಂದ ಬತ್ತೇರಿಯ ಮಲಯಾಳಿಯೊಬ್ಬನ ಕೈಯಿಂದ ಹನ್ನೆರಡು ವರ್ಷ ಹಳೆಯ ಟರ್ಬೊ ಕಾರು ಕೊಂಡಿದ್ದ. ಓಡುವುದು ಸಾಲದು ಅಂತ ಈಗ ಕೊಯಮತ್ತೂರಿಗೆ ಒಯ್ದು, ಕಾರಿನ ಕಂಪ್ಯೂಟರಿನೊಳಗಿನ ಚಿಪ್ ಬದಲಾಯಿಸಿ, ಎಂಜಿನ್ನಿನ ಬಲ ಹೆಚ್ಚಿಸಿಕೊಂಡು ಬರಬೇಕಂತೆ.

ಗುಂಡ್ಲುಪೇಟೆಯ ನನ್ನ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಕೊಯಮತ್ತೂರಿನವನು ಬರೆದ ಕಾಗದ ಓದಿ ಹೇಳಿದ. ಎಂಜಿನ್ ಆಯಿಲ್, ಪ್ಲಗ್ ಹೊಸದಾಗಬೇಕು. ಹೋಸ್ ಎಲ್ಲೂ ಗಾಳಿ ಬಿಡಬಾರದು. ನಾಲ್ಕು ಸಿಲಿಂಡರಿನ ಕಂಪ್ರೆಶನ್, ಅಂದರೆ ಒಳಗಿನ ಒತ್ತಡ, ಸಮ ಇರಬೇಕು. ಕೊನೆಯದಾಗಿ, ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಬೇರಿಂಗ್ ಗಟ್ಟಿಯಾಗಿರಬೇಕು. ಇಷ್ಟೂ ಸರಿಯಿದೆ ಅಂತ ಮೆಕ್ಯಾನಿಕ್ ರುಜು ಹಾಕಿದರೆ ಮಾತ್ರ ಅವನು ಚಿಪ್ ಮುಟ್ಟುವುದು.

"ನಿಮ್ ಕಿವಿ ಸಾಕು ಶಾಂತರಾಜಣ್ಣ. ಬೇರೆ ಯಾರ್ ರುಜೂನೂ ಬ್ಯಾಡ," ಅಂದ.

ಇಪ್ಪತ್ತೆಂಟು ವರ್ಷದಿಂದ ನನ್ನ ಅನ್ನ ಈ ಕಿವಿಯದೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರೆ ಯಾವ ಬೇರಿಂಗ್ ಹೋಗಿದೆ, ಯಾವುದು ಹೋಗಲಿದೆ ಅಂತ ಬಿಚ್ಚದೆ ಹೇಳುತ್ತಿದ್ದೆ. ಈರುಳ್ಳಿ ಲಾರಿಯ ಪುಟ್ಟಮಾದು ಎಲ್ಲರಿಗೂ ಹೇಳುತ್ತಿದ್ದ, "ಅಣ್ಣನ ಕಿವೀಲಿ ಇಂಜಿನ್ನೇ ಬಂದು ಚಾಡಿ ಹೇಳ್ತದೆ ಕಣ್ಲಾ."

ಎರಡು ದಿನದ ಕೆಲಸ. ಸೊಂಟ ಬಗ್ಗಿಸಿದರೆ ಏಳದು, ಎದ್ದರೆ ಬಗ್ಗದು. ಒಂದು ಹೋಸ್ ಸೀಳಿದ ಕಡೆ ಯಾರೋ ಪುಣ್ಯಾತ್ಮ ಸೈಕಲ್ ಟ್ಯೂಬ್ ಸುತ್ತಿದ್ದ. ಅದನ್ನು ಕಿತ್ತೆಸೆದು ಹೊಸದು ಹಾಕಿದೆ. ಪ್ಲಗ್ ಬದಲಾಯಿತು, ಆಯಿಲ್ ಬದಲಾಯಿತು. ಕಂಪ್ರೆಶನ್ ನಾಲ್ಕರಲ್ಲೂ ಸಮ ಬಂತು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಟರ್ಬೊ ಒಂದು ಉಳಿಯಿತು.

ಪೈಪ್ ಬಿಚ್ಚಿ ಒಳಗಿನ ಚಕ್ರವನ್ನು ಬೆರಳಿನಿಂದ ಅಲ್ಲಾಡಿಸಿದೆ. ಸ್ವಲ್ಪ ಆಟ ಇತ್ತು. ಸ್ವಲ್ಪ ಇರಲೇಬೇಕು, ಅದು ಹೆಚ್ಚೋ ಅಲ್ಲವೋ ಅನ್ನುವುದನ್ನು ಓಡುವಾಗ ಕಿವಿಯೇ ಹೇಳಬೇಕು.

"ಘಾಟಿ ಹತ್ತುದ್ ಮೇಲೆ ಇಂಜಿನ್ ಏನ್ ಮಾಡ್ತೀರಿ?" ಅಂತ ಕೇಳಿದೆ.

"ನಿಲ್ಸಿದ್ ತಕ್ಷಣ ಆಫ್ ಮಾಡ್ಬುಡ್ತೀನಿ. ನಂಗೆ ಡ್ರೈವಿಂಗ್ ಕಲ್ಸಿದ್ದೇ ಲಾರಿಯೋರು. ಪೆಟ್ರೋಲ್ ಉಳೀತದಲ್ಲ?"

ಟರ್ಬೊ ಇಲ್ಲದ ನಮ್ಮ ಕಡೆಯ ಹಳೇ ಲಾರಿಗಳ ಬುದ್ಧಿ ಇದು. ಕಾದು ಕೆಂಪಾಗಿ ತಿರುಗುತ್ತಿರುವ ಟರ್ಬೊಗೆ ಒಮ್ಮೆಲೇ ಆಯಿಲ್ ನಿಂತರೆ ಬೇರಿಂಗ್ ಸುಟ್ಟುಕೊಂಡೇ ನಿಲ್ಲಬೇಕು.

"ಕೊಯಮತ್ತೂರ್ಗೆ ಭಾನು, ಮಗು ಇಬ್ರೂ ಬತ್ತಾರೆ. ದಿಂಬಂ ಘಾಟಿ ಮೇಲೇ ಓಗನ ಅಂತವ್ಳೆ," ಅಂದ ಸುಧಾಕರ್. ಭಾನು ಅವನ ಹೆಂಡತಿ.

ಎಂಜಿನ್ ಚಾಲೂ ಮಾಡಿಸಿ ಕಿವಿ ಕೊಟ್ಟೆ. ಅವನು ಆಕ್ಸಿಲರೇಟರ್ ಒತ್ತಿದ. ಎಂಜಿನ್ನಿನ ದಡಬಡ ಬಿಟ್ಟರೆ ಇನ್ನೇನೂ ಇಲ್ಲ. ಒಂದು ಸದ್ದಿಲ್ಲ, ತಕರಾರಿಲ್ಲ. ಗೆದ್ದೆ ಅನ್ನಿಸಿತು. ರುಜು ಹಾಕಲು ಪೆನ್ನು ಕೇಳಿದೆ.

"ಟರ್ಬೊ ಸಿಳ್ಳೆ ಎಂಗದೆ ಅಣ್ಣ?" ಅಂದ ಸುಧಾಕರ್ ಹೆಮ್ಮೆಯಿಂದ.

"ಯಾವ ಸಿಳ್ಳೆ?"

ಊಟದ ಕ್ಯಾರಿಯರ್ ಹಿಡಿದು ಬಂದಿದ್ದ ನನ್ನ ಹೆಂಡತಿ ರಾಚಮ್ಮ ನನ್ನ ಮುಖವನ್ನೇ ನೋಡಿದಳು. ಹಿಂದಿನ ಭಾನುವಾರ ಅವಳು ನೀರಿಗೆ ಹೋದಾಗ ಕುಕ್ಕರಿನ ಪಕ್ಕದಲ್ಲೇ ಕೂತಿದ್ದ ನಾನು ಅವರೆಕಾಳು ಸೀಯಿಸಿದ್ದೆ. ಕುಕ್ಕರ್ ಕೂಗಲೇ ಇಲ್ಲ ಅಂತ ಅವಳ ಮೇಲೇ ಹಾರಾಡಿದ್ದೆ. ಈಗ ಗೊತ್ತಾಯಿತು. ದಪ್ಪ ಸದ್ದುಗಳನ್ನು ಉಳಿಸಿ, ಸಣ್ಣ ಸದ್ದುಗಳನ್ನೆಲ್ಲ ನನ್ನ ಕಿವಿ ಯಾವಾಗಲೋ ಕೈಬಿಟ್ಟಿತ್ತು.

ಪೆನ್ನು ಕೈಯಲ್ಲಿತ್ತು. ಒಂದು ಗೆರೆ ಎಳೆದಿದ್ದರೆ ಅವನೂ ಖುಷಿ, ನಾನೂ ಮೊದಲಿನ ಶಾಂತರಾಜುವೇ. ಚಹಾ ಕುಡಿಯುತ್ತಾ ಪುಟ್ಟಮಾದು ಅಲ್ಲೇ ನಿಂತಿದ್ದ. ಅವನಿಗೆ ತಿಳಿದರೆ ಸಂಜೆಯೊಳಗೆ ಬೇಗೂರಿಗೂ ತಿಳಿಯುತ್ತದೆ. ನಿಜ ಹೇಳುತ್ತೇನೆ, ಆ ಗೆರೆ ಎಳೆಯಲು ನನಗೆ ಬಹಳ ಆಸೆಯಾಯಿತು. ಆದರೆ ಬಲ ಹೆಚ್ಚಿದ ಟರ್ಬೊ ದಿಂಬಂ ತಿರುವಿನಲ್ಲಿ ಒಡೆದರೆ ಆ ಮಗು ಎಲ್ಲಿರುತ್ತದೆ?

"ಮಾದು, ನಿನ್ ಹೊಸ ಲಾರೀನೂ ಟರ್ಬೊ ಅಲ್ವಾ? ಸ್ಟಾರ್ಟ್ ಮಾಡ್ಲಾ," ಅಂದೆ. ಸ್ಕ್ರೂಡ್ರೈವರನ್ನು ರಾಚಮ್ಮನ ಕೈಗೆ ಕೊಟ್ಟೆ. "ಮೊದ್ಲು ಅದ್ರುದು ಕೇಳಮ್ಮಿ. ಆಮೇಲೆ ಇದ್ರುದು. ಎಲ್ಡೂ ಒಂದೇ ತರ ಅವಾ ಹೇಳು."

ಅವಳು ಸೆರಗು ಸಿಕ್ಕಿಸಿಕೊಂಡು, ನಾನು ತೋರಿಸಿದ ಜಾಗಕ್ಕೆ ತುದಿ ಒತ್ತಿ ಲಾರಿಯದನ್ನು ಕೇಳಿದಳು. ಕಾರಿನದನ್ನು ಕೇಳಿದಳು. ಮತ್ತೆ ಲಾರಿಗೆ ಹೋಗಿ ಬಂದಳು.

"ಅದು ಒಂದೇ ಎಳೆ ಕಣ್ರೀ. ಇದ್ರಲ್ಲಿ ಮರಳು ಸೇರ್ಕಂಡದೆ. ರಾಗಿಗೆ ಕಲ್ಲು ಬಿದ್ರೆ ಬೀಸಕಲ್ಲು ಕರಕರ ಅನ್ನಕಿಲ್ವಾ, ಅಂಗೆ."

"ಅಡುಗೆ ಮಾಡೋರ್ ಮಾತ್ ಕಟ್ಕೊಂಡು..." ಅಂತ ಸುಧಾಕರ್ ಶುರು ಮಾಡಿದ.

"ನಂಗೆ ಕೇಳಾಕಿಲ್ಲ ಕಣಪ್ಪ," ಅಂದೆ. ಮಾತು ಬಾಯಿಂದ ಆಚೆ ಬಿದ್ದಾಗ ನಾಚಿಕೆಗಿಂತ ಸುಸ್ತೇ ಹೆಚ್ಚಾಯಿತು. "ಸಿಳ್ಳೇನೂ ಕೇಳಾಕಿಲ್ಲ, ಕರಕರನೂ ಕೇಳಾಕಿಲ್ಲ. ಅವ್ಳಿಗೆ ಕೇಳ್ತದೆ."

ಟರ್ಬೊ ಬಿಚ್ಚಿದೆ. ಚಕ್ರದ ರೆಕ್ಕೆಗಳು ಗೂಡಿನ ಗೋಡೆಗೆ ಉಜ್ಜಿ ಸುತ್ತಲೂ ಬೆಳ್ಳಗೆ ಗೀರಿದ್ದವು. ಸುಧಾಕರ್ ಆ ಗೀರಿನ ಮೇಲೆ ಬೆರಳಾಡಿಸಿದ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, ಮನೆಗೆ ಹೋಗಲು ಬಸ್ಸು ಹತ್ತಿದ.

ಎಂಟು ದಿನಕ್ಕೆ ಪುಟ್ಟಮಾದು ಏನೋ ಸದ್ದು ಅಂತ ಲಾರಿ ತಂದ. ಕಾಲು ಗಂಟೆ ಎಂಜಿನ್ನಿನ ಸುತ್ತ ಸುಳಿದಾಡಿದ. ಆಮೇಲೆ ನನ್ನ ಹತ್ತಿರ ಬಂದು, ಕಿವಿಗೆ ಬಾಯಿಟ್ಟು, ಊರಿಗೆಲ್ಲ ಕೇಳುವಂತೆ ಕೂಗಿದ.

"ಶಾಂತರಾಜಣ್ಣಾ! ಅಕ್ಕ ಅವ್ರಾ?"

"ಅವ್ಳೆ," ಅಂದೆ. "ಮೆತ್ತಗ್ ಮಾತಾಡ್ಲಾ. ನಿನ್ ಮಾತು ನಂಗಿನ್ನೂ ಕೇಳ್ತದೆ."