ಬೆರಳು ತೋರಿಸಿದ ಕಡೆ

ಮುಚ್ಚಳದ ಅಂಚು ಕಂದು ಬಣ್ಣಕ್ಕೆ ಸುಟ್ಟಿತ್ತು. ಸೆತ್ಸುಯೊ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿ, "ಬ್ಲೇಡು ಮೊಂಡಾಯ್ತು, ಬದಲಾಯಿಸಬೇಕು" ಅಂದಳು.

ಅವರು ಮಾಡುತ್ತಿದ್ದುದು ಚಹಾ ಬಟ್ಟಲುಗಳನ್ನಿಡುವ ಪೆಟ್ಟಿಗೆಗಳನ್ನು. ಅದಕ್ಕೆ ಬಳಸುವ ಕಿರಿ ಎಂಬ ಮರ ಕೈಗೆ ಹತ್ತಿಯಷ್ಟು ಹಗುರ. ಆದರೆ ಒಳಗೆ ನುಣ್ಣನೆ ಮರಳಿನಂಥದ್ದೇನೋ ಅಡಗಿಸಿಕೊಂಡು ಎಂಥ ಗರಗಸವನ್ನೂ ಬೇಗ ಸವೆಸಿಬಿಡುತ್ತದೆ. ಹಾಗಾಗಿ ಆ ಕಾರ್ಖಾನೆಯಲ್ಲಿ ಬ್ಲೇಡು ಬದಲಾಯಿಸುವುದು ಪಾತ್ರೆ ತೊಳೆದಷ್ಟೇ ಮಾಮೂಲಿ ಕೆಲಸ.

ಮಾಮೂಲಿಯಾದರೂ ಅದಕ್ಕೊಂದು ಕ್ರಮವಿತ್ತು. ಸ್ವಿಚ್ಚು ಆರಿಸಿ, ಮೇಜಿನ ಹಿಂದಿನ ಕಂಬದಿಂದ ಪ್ಲಗ್ಗನ್ನು ಕಿತ್ತು ನೆಲಕ್ಕೆ ಬಿಟ್ಟು, ಅದರ ಕಡೆ ತೋಳು ಚಾಚಿ ಬೆರಳು ತೋರಿಸಿ, "ಪ್ಲಗ್ ತೆಗೆದಿದೆ, ಸರಿ!" ಎಂದು ಗಟ್ಟಿಯಾಗಿ ಕೂಗಬೇಕು. ಆಮೇಲೆಯೇ ಸ್ಪ್ಯಾನರು ಮುಟ್ಟಬೇಕು. ಹಾಗೆ ಕೂಗುವುದರಲ್ಲಿ ಸೆತ್ಸುಯೊಳನ್ನು ಮೀರಿಸುವವರಿರಲಿಲ್ಲ. ಅವಳ ಕೂಗು ಅಂಗಳದಲ್ಲಿ ಹಲಗೆ ಒಣಗಿಸುವವರಿಗೂ ಕೇಳುತ್ತಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಸಾಯುವವರೆಗೂ ಅವಳು ತಗ್ಗಿದ ದನಿಯಲ್ಲೇ ಬಾಳಿದವಳು. ಈಗಲೂ ಮನೆಯಲ್ಲಿ ಸ್ವಲ್ಪ ಜೋರಾಗಿ ಮಾತಾಡಿದರೆ ಗಂಡ ಟಿವಿಯ ಸದ್ದು ಏರಿಸುತ್ತಾನೆ. ಕಾರ್ಖಾನೆಯಲ್ಲಿ ಮಾತ್ರ ಅವಳ ದನಿಗೆ ಬೆಲೆಯಿತ್ತು. ಎಲ್ಲರೂ ಅವಳ ಹೆಸರಿಗೆ ಗೌರವದ 'ಸಾನ್' ಸೇರಿಸಿಯೇ ಕರೆಯುತ್ತಿದ್ದರು. ಬೆಳಗಿನ ಸಭೆ ನಡೆಸುವುದನ್ನು ಯಜಮಾನರು ಅವಳಿಗೇ ಒಪ್ಪಿಸಿದ್ದರು.

ಚಿಗುಸಾಳ ದನಿ ಮಾತ್ರ ಅವಳ ಪಕ್ಕದಲ್ಲಿ ನಿಂತವರಿಗೂ ಕೇಳುತ್ತಿರಲಿಲ್ಲ. ಗಂಡನನ್ನು ಬಿಟ್ಟು ತಾಯಿಯ ಮನೆಗೆ ಮರಳಿ ಬಂದಿದ್ದ, ನಲವತ್ತು ದಾಟಿದ ಹೆಂಗಸು. ಇನ್ನೂ ಪರೀಕ್ಷೆಯ ಅವಧಿಯಲ್ಲಿದ್ದಳು. ಇಟ್ಟುಕೊಳ್ಳುವುದೋ ಬೇಡವೋ ಎಂದು ಯಜಮಾನರು ಆ ವಾರವೇ ತೀರ್ಮಾನಿಸಬೇಕಿತ್ತು. ಹಿಂದಿನ ವಾರದ ಸಭೆಯಲ್ಲಿ ಸೆತ್ಸುಯೊ ಅವಳನ್ನು ಮುಂದೆ ನಿಲ್ಲಿಸಿ ಮತ್ತೆ ಮತ್ತೆ ಕೂಗಿಸಿದ್ದಳು.

"ಕೇಳಿಸ್ತಿಲ್ಲ, ಚಿಗುಸಾ. ಪ್ಲಗ್ಗಿಗೆ ಗುಟ್ಟು ಹೇಳ್ತಿದೀಯಾ?"

"ಪ್ಲಗ್ ತೆಗೆದಿದೆ, ಸರಿ."

"ಸೊಳ್ಳೆ ಇದಕ್ಕಿಂತ ಜೋರಾಗಿ ಹಾಡುತ್ತೆ," ಎಂದಿದ್ದ ಮುದುಕ ತಾತ್ಸುಜಿ. ಎಲ್ಲರೂ ನಕ್ಕಿದ್ದರು. ಸೆತ್ಸುಯೊಳೂ ನಕ್ಕಿದ್ದಳು. ಜೋರಾಗಿ ಮಾತಾಡಿ ಏಟು ತಿಂದವರು ಹೇಗೆ ಬಾಯಿ ಮುಚ್ಚಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಆದರೂ ಕೂಗಿಸಿದ್ದಳು.

ಸುಟ್ಟ ಮುಚ್ಚಳವನ್ನು ಪಕ್ಕಕ್ಕಿಟ್ಟು ಸೆತ್ಸುಯೊ ಗರಗಸದ ಮೇಜಿನ ಸ್ವಿಚ್ಚು ಆರಿಸಿದಳು. ಸಾಣೆಯಿಂದ ಬಂದ ಬ್ಲೇಡನ್ನು ಕಾಗದ ಬಿಚ್ಚಿ ಹೊರತೆಗೆದಳು. ಕಂಬದ ಬುಡದಲ್ಲಿ ಪ್ಲಗ್ಗೊಂದು ಬಿದ್ದಿತ್ತು. ಅತ್ತ ತೋಳು ಚಾಚಿ ಬೆರಳು ತೋರಿಸಿ, "ಪ್ಲಗ್ ತೆಗೆದಿದೆ, ಸರಿ!" ಎಂದು ಕೂಗಿದಳು. ದನಿ ಸೊಗಸಾಗಿ ಬಂತು. ಮೇಜಿನ ನಡುವಿನ ತಗಡು ತೆಗೆದು, ಒಳಗೆ ಕೈ ಹಾಕಿ, ಒಂದು ಸ್ಪ್ಯಾನರಿನಿಂದ ಬ್ಲೇಡು ತಿರುಗುವ ಅಚ್ಚನ್ನು ಹಿಡಿದು ಇನ್ನೊಂದರಿಂದ ನಟ್ಟನ್ನು ಬಲವಾಗಿ ತಿರುಗಿಸಿದಳು. ನಟ್ಟು ಹಟ ಮಾಡಿತು. ಅವಳು ಮೈಯ ಭಾರವನ್ನೆಲ್ಲ ಹಾಕಿ ಮೇಜಿಗೆ ಒರಗಿದಳು. ಏಪ್ರನ್ನಿನ ಗಂಟು ಸ್ವಿಚ್ಚಿನ ಗುಂಡಿಗೆ ಉಜ್ಜುತ್ತಿತ್ತು.

ಹಿಂದೆ ಯಾರೋ ಓಡಿ ಬಂದ ಸದ್ದು. ತಿರುಗಿ ನೋಡಿದರೆ ಚಿಗುಸಾ ಕಂಬದ ಹತ್ತಿರ ಮಂಡಿಯೂರಿದ್ದಳು. ಅವಳ ಕೈಯಲ್ಲಿ ಆಗಷ್ಟೇ ಕಿತ್ತ ಗರಗಸದ ಪ್ಲಗ್ಗು.

ನೆಲದ ಮೇಲೆ ಬಿದ್ದಿದ್ದದ್ದು ದೂಳು ಎಳೆಯುವ ಯಂತ್ರದ್ದು.

ಸೆತ್ಸುಯೊ ಕೈ ಹೊರಗೆಳೆದುಕೊಂಡಳು. ಐದು ಬೆರಳೂ ಇದ್ದವು. ಅಷ್ಟರಲ್ಲಿ ಆಚೆಯ ಮೇಜಿನಿಂದ ತಾತ್ಸುಜಿಯ ಗದರಿಕೆ ಕೇಳಿತು.

"ಏನೇ ಅದು, ಚಿಗುಸಾ! ಪ್ಲಗ್ ಹಾಕೇ ಇಟ್ಟಿದ್ಯಾ? ಸೆತ್ಸುಯೊ ಸಾನ್ ಕೈ ಹೋಗ್ತಿತ್ತಲ್ಲೇ! ಬಾಯಂತೂ ಇಲ್ಲ, ಕಣ್ಣೂ ಇಲ್ವಾ?"

ಚಿಗುಸಾ ತಟ್ಟನೆ ಎದ್ದು ಸೊಂಟದಿಂದ ಬಾಗಿದಳು. "ತಪ್ಪಾಯ್ತು, ಕ್ಷಮಿಸಿ."

'ಅಲ್ಲ, ನಾನು' ಎನ್ನಬೇಕಿತ್ತು. ಆ ಎರಡು ಪದ ಸೆತ್ಸುಯೊಳ ನಾಲಿಗೆಯ ತುದಿಯವರೆಗೂ ಬಂದವು. ಎಲ್ಲರೂ ಇತ್ತಲೇ ನೋಡುತ್ತಿದ್ದರು. ಅವಳು ಬಗ್ಗಿ ನಟ್ಟನ್ನು ಬಿಚ್ಚಿದಳು. ಬ್ಲೇಡು ಬದಲಾಯಿಸಿ, ಹಲ್ಲುಗಳು ಸರಿಯಾದ ಕಡೆ ಮುಖ ಮಾಡಿವೆಯೇ ಎಂದು ಎರಡೆರಡು ಸಲ ನೋಡಿ, ನಟ್ಟು ಬಿಗಿದಳು. ತಲೆ ಎತ್ತದಿರಲು ಆ ಕೆಲಸ ಸಾಲುವಷ್ಟಿತ್ತು.

ಸಂಜೆ ತೋಫು ಕೊಂಡು ಮನೆಗೆ ನಡೆಯುವಾಗ ಅವಳು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ನಮ್ಮ ಜನ ಕ್ಷಮಿಸಿ ಅನ್ನುವುದಕ್ಕೆ ಏನು ಅರ್ಥ? ಬಸ್ಸಿನಲ್ಲಿ ನಮ್ಮ ಕಾಲನ್ನೇ ತುಳಿದವರಿಗೂ ನಾವೇ ಕ್ಷಮಿಸಿ ಅನ್ನುತ್ತೇವೆ. ಚಿಗುಸಾ ಬಾಯಿಮಾತಿಗೆ ಅಂದಳು, ಅಷ್ಟೇ. ಆದರೆ ಬಾಗಿದ ಆ ಬೆನ್ನು ಕಣ್ಣಿನಿಂದ ಹೋಗಲಿಲ್ಲ. ಅದು ಅಭ್ಯಾಸವಾಗಿದ್ದ ಬೆನ್ನು. ಚಿಗುಸಾಳ ಗಂಡನ ಮನೆಯಲ್ಲೂ ಯಾರೋ ಹೀಗೆಯೇ ಸುಮ್ಮನೆ ನಿಂತು ನೋಡಿರಬೇಕು.

ಮರುದಿನ ಬೆಳಗಿನ ಸಭೆಗೆ ಯಜಮಾನರೇ ಬಂದರು. ತಂದೆ ತೀರಿಕೊಂಡ ಮೇಲೆ ಕಾರ್ಖಾನೆ ನಡೆಸುತ್ತಿದ್ದ, ಸೆತ್ಸುಯೊಗಿಂತ ಎಷ್ಟೋ ಚಿಕ್ಕ ಗಂಡಸು.

"ನಿನ್ನೆ ಪ್ಲಗ್ಗಿನ ವಿಷಯ ತಾತ್ಸುಜಿ ಸಾನ್ ಹೇಳಿದ್ರು. ಚಿಗುಸಾ ಸಾನ್, ನಿಮ್ಮನ್ನ ಇಟ್ಕೋಬೇಕು ಅಂತಾನೇ ಇತ್ತು ನಂಗೆ. ಆದ್ರೆ ಕೈ ಕಾಲಿನ ಪ್ರಶ್ನೆ ನೋಡಿ..."

"ನಾನು ಮಾಡಿದ್ದು ಅದು," ಸೆತ್ಸುಯೊ ನಡುವೆಯೇ ಅಂದಳು. "ಪ್ಲಗ್ ಕೀಳದೆ ಕೂಗಿದ್ದು ನಾನು. ಚಿಗುಸಾದು ಏನೂ ತಪ್ಪಿಲ್ಲ."

ತಾತ್ಸುಜಿ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, "ನೋಡಿ, ಇದು ಹಿರಿತನ ಅಂದ್ರೆ. ಕಿರಿಯರ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಳ್ಳೋದು. ಈಗಿನ ಕಾಲದಲ್ಲಿ ಯಾರು ಮಾಡ್ತಾರೆ?" ಅಂದ.

"ಹಾಗಲ್ಲ, ನಿಜವಾಗ್ಲೂ..."

"ಗೊತ್ತಾಯ್ತು ಬಿಡಿ, ಸೆತ್ಸುಯೊ ಸಾನ್," ಯಜಮಾನರು ನಕ್ಕರು. "ನಮ್ಮಪ್ಪ ಇದ್ದಿದ್ರೆ ಕಣ್ಣಲ್ಲಿ ನೀರು ಹಾಕ್ಕೋತಿದ್ರು. ಆಯ್ತು, ನಿಮ್ಮ ಮುಖ ನೋಡಿ ಇನ್ನೊಂದು ತಿಂಗಳು ನೋಡೋಣ. ಚಿಗುಸಾ ಸಾನ್, ಅವರಿಗೆ ಒಂದು ಮಾತು ಹೇಳಿ."

ಚಿಗುಸಾ ಅವಳ ಮುಂದೆ ಬಂದು ನಿಂತಳು. ತಲೆ ಬಾಗಿಸಿ, "ತುಂಬ ಉಪಕಾರವಾಯ್ತು," ಅಂದಳು. ಈ ಸಲ ದನಿ ಎಲ್ಲರಿಗೂ ಕೇಳಿಸಿತು.

ಸೆತ್ಸುಯೊಗೆ ಕಿವಿ ಸುಟ್ಟುಹೋದಂತಾಯಿತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಒಬ್ಬಿಬ್ಬರು ಬಂದು ಅವಳ ತಟ್ಟೆಗೆ ಉಪ್ಪಿನಕಾಯಿ ಹಾಕಿ ಹೋದರು. ಹಿಂದೆಂದೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಕೈ ತೊಳೆಯುವ ನಲ್ಲಿಯ ಹತ್ತಿರ ಚಿಗುಸಾ ಒಬ್ಬಳೇ ಸಿಕ್ಕಳು.

"ನಾನು ಹೇಳಿದೆ, ಅವರು ಕೇಳಿಸ್ಕೊಳ್ಳಲಿಲ್ಲ," ಅಂದಳು ಸೆತ್ಸುಯೊ.

"ಹೌದು," ಚಿಗುಸಾ ಕೈ ಒರೆಸಿಕೊಂಡಳು. "ನಂಗೆ ಒಂದು ತಿಂಗಳು ಸಿಕ್ತು, ನಿಮಗೆ ಇನ್ನೂ ಒಳ್ಳೆ ಹೆಸರು ಬಂತು. ಬಿಡಿ, ಸೆತ್ಸುಯೊ ಸಾನ್."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ಚೆನ್ನಾಗಿತ್ತು.

ಯಜಮಾನರು ಅಂಗಳದಲ್ಲಿ ಹದವಾಗಲೆಂದು ಮಳೆಬಿಸಿಲಿಗೆ ಒಡ್ಡಿದ್ದ ಹಲಗೆಗಳನ್ನು ತಿರುವಿ ಹಾಕುತ್ತಿದ್ದರು. ಸೆತ್ಸುಯೊ ಏಪ್ರನ್ನು ಬಿಚ್ಚದೆ ಹಾಗೇ ಹೋದಳು.

"ದೂಳಿನ ಯಂತ್ರದ ಪ್ಲಗ್ಗು ಬಿದ್ದಿತ್ತು. ಅದಕ್ಕೆ ಬೆರಳು ತೋರಿಸಿದೆ. ನೋಡ್ಲಿಲ್ಲ."

"ಬೆಳಗ್ಗೇನೇ ಹೇಳಿದ್ರಲ್ಲ. ಸಾಕು ಬಿಡಿ, ನಿಮ್ಮದು ದೊಡ್ಡ ಮನಸ್ಸು."

"ಪೂರ್ತಿ ಹೇಳ್ಲಿಲ್ಲ. ಅವಳು ಓಡಿ ಬಂದು ಪ್ಲಗ್ ಕಿತ್ತು ನನ್ನ ಕೈ ಉಳಿಸಿದ್ಲು. ತಾತ್ಸುಜಿ ಸಾನ್ ಅವಳಿಗೇ ಬೈದ್ರು. ನಾನು ಕೇಳಿಸ್ಕೊಂಡೆ. ಬಾಯಿ ಬಿಡ್ಲಿಲ್ಲ. ಎಲ್ಲರೂ ನೋಡ್ತಾರೆ ಅಂತ ತಲೆ ತಗ್ಗಿಸ್ಕೊಂಡು ನಟ್ಟು ತಿರುಗಿಸ್ತಾ ಇದ್ದೆ."

ಯಜಮಾನರ ಕೈಯಲ್ಲಿದ್ದ ಹಲಗೆ ಅಲ್ಲೇ ನಿಂತಿತು. ಇನ್ನೊಬ್ಬರ ತಪ್ಪು ಹೊರುವವರು ಇಂಥ ನಾಚಿಕೆಯ ಮಾತನ್ನು ಕಟ್ಟಿ ಹೇಳುವುದಿಲ್ಲ. ಅವರ ಮುಖದ ಮೇಲಿನ ಮೆಚ್ಚುಗೆ ಮೆಲ್ಲಗೆ ಇಳಿದುಹೋದದ್ದನ್ನು ಅವಳು ನೋಡಿದಳು. ಇಷ್ಟು ವರ್ಷ ದುಡಿದು ಗಳಿಸಿದ್ದು ಅದು.

"ನೀವಾ?" ಅಂದರು ಅವರು. ಆಮೇಲೆ ಹಲಗೆ ಕೆಳಗಿಟ್ಟು, "ನಾಳೆ ಸಭೆಯಲ್ಲಿ ಹೇಳ್ತೀರಾ? ಕೊನೇದನ್ನೂ ಸೇರಿಸಿ?"

"ನಾಳೆವರೆಗೂ ನಂಗೆ ಧೈರ್ಯ ಇರಲ್ಲ. ಈಗಲೇ ಹೇಳ್ತೀನಿ."

ಅವರು ಒಳಗೆ ಹೋಗಿ ಯಂತ್ರಗಳನ್ನು ನಿಲ್ಲಿಸಿದರು. ಸೆತ್ಸುಯೊ ನಡುವೆ ನಿಂತು ಹೇಳಿದಳು. ಅವಳಿಗೆ ಆ ದಿನ ದನಿ ಏಳಲಿಲ್ಲ. ಹಿಂದೆ ನಿಂತವರು ಹತ್ತಿರ ಬರಬೇಕಾಯಿತು. ಬಾಯಿ ಬಿಡಲಿಲ್ಲ ಎಂಬ ಮಾತಿಗೆ ಬಂದಾಗ ತಾತ್ಸುಜಿ ನೆಲ ನೋಡತೊಡಗಿದ. ಹಿರಿತನದ ಮಾತು ಯಾರೂ ಎತ್ತಲಿಲ್ಲ.

ಆಮೇಲೆ ಅವಳು ಚಿಗುಸಾಳ ಕಡೆ ತಿರುಗಿ ಸೊಂಟದಿಂದ ಬಾಗಿದಳು. "ತಪ್ಪಾಯ್ತು. ಕ್ಷಮಿಸಿ."

'ಅಯ್ಯೋ ಬೇಡ, ಏಳಿ, ಪರವಾಗಿಲ್ಲ.' ಇಂಥ ಹೊತ್ತಿನಲ್ಲಿ ಯಾರೇ ಆದರೂ ಹೇಳುವ ಮಾತು ಅದು. ಹೇಳದೆ ಇರುವವರನ್ನು ಸೆತ್ಸುಯೊ ತನ್ನ ಬಾಳಿನಲ್ಲಿ ಕಂಡಿರಲಿಲ್ಲ. ಮರದ ಪುಡಿ ಅಂಟಿದ ತನ್ನ ಬೂಟುಗಳನ್ನು ನೋಡುತ್ತ ಅವಳು ಕಾದಳು. ಬೆನ್ನು ನೋಯತೊಡಗಿತು. ಆ ಮಾತು ಬರಲಿಲ್ಲ. ತಾನು ಅದಕ್ಕಾಗಿಯೇ ಕಾಯುತ್ತಿದ್ದೇನೆಂದು ಅರಿವಾಗಿ ಇನ್ನಷ್ಟು ನಾಚಿಕೆಯಾಯಿತು.

ತಲೆ ಎತ್ತಿದಾಗ ಚಿಗುಸಾ ಅವಳನ್ನೇ ನೇರವಾಗಿ ನೋಡುತ್ತಿದ್ದಳು. ಬಾಗದೆ ನಿಂತಿದ್ದಳು. ಆಮೇಲೆ ತನ್ನ ಮೇಜಿಗೆ ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಮುಚ್ಚಳವನ್ನು ಉಜ್ಜತೊಡಗಿದಳು.