ದವಡೆಯ ಕೆಳಗೆ ಎರಡು ಬೆರಳು

"ಅಕ್ಕಾ, ಆ ಫೈಲು ಈ ಕಡೆ ತಳ್ಳಿ. ಮನೆಯವರದ್ದನ್ನ ನೀವು ಮುಟ್ಟೋ ಹಾಗಿಲ್ಲ."

ಎದುರು ಮೇಜಿನ ಎಲುಬಣ್ಣ ಪರದೆಯಿಂದ ಕಣ್ಣು ಕೀಳದೆಯೇ ಹೇಳಿದ. ಡಾಕ್ಟರು ಬರೆದ ಕಾಯಿಲೆಗೆ ಕೋಡು ಹಾಕಿ ವಿಮೆ ಕಂಪನಿಗೆ ಕಳಿಸುವುದು ಆಸ್ಪತ್ರೆಯ ಆ ಕೋಣೆಯವರ ಕೆಲಸ. ಮುರಿದ ಮೂಳೆಗಳೆಲ್ಲ ಅವನ ಪಾಲು, ಹಾಗಾಗಿ ಅವನು ಎಲುಬಣ್ಣ. ಹಲ್ಲು, ವಸಡು, ಬಾಯಿ ಇವಳ ಪಾಲು, ಹಾಗಾಗಿ ಇವಳು ದವಡೆಯಕ್ಕ. ಮೂಲವ್ಯಾಧಿಯ ಫೈಲು ನೋಡುವವನನ್ನು ಮಾತ್ರ ಸ್ವಂತ ಹೆಸರಿನಿಂದಲೇ ಕರೆಯುವಷ್ಟು ದಯೆ ಎಲ್ಲರಲ್ಲೂ ಇತ್ತು.

ಫೈಲು ಅವಳ ಗಂಡನದು. ಬೆಳಿಗ್ಗೆ ಅವನನ್ನು ಕೆಳಗೆ ತುರ್ತು ವಿಭಾಗದ ಮಂಚದ ಮೇಲೆ ಕೂರಿಸಿ, ಕಾಗದವನ್ನು ಮೇಲಿನಿಂದ ತಳ್ಳಿದರೆ ಬೇಗ ಓಡೀತೆಂದು ಇಲ್ಲಿಗೆ ಬಂದಿದ್ದಳು. ಡ್ಯೂಟಿ ಡಾಕ್ಟರು ಬರೆದದ್ದು ಒಂದೇ ಸಾಲು: ಹಲ್ಲಿನ ಬೇರಿನಲ್ಲಿ ಕೀವು. ಅಂದರೆ ಕೋಡು ಕೆ ಸೊನ್ನೆ ನಾಲ್ಕು ಬಿಂದು ಏಳು. ಅಂದರೆ ಹಲ್ಲಿನ ಕೆಲಸ. ಹಲ್ಲಿನ ಕೆಲಸ ವಿಮೆಯೊಳಗೆ ಬರುವುದಿಲ್ಲ. ವಿಮೆ ಒಪ್ಪದೆ ಆಪರೇಷನ್ ಕೋಣೆಯ ಬಾಗಿಲು ತೆರೆಯುವುದಿಲ್ಲ. ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ.

"ಊತ ಕತ್ತಿಗೆ ಇಳಿದಿದೆ ಅಣ್ಣ. ನಾಲಿಗೆ ಮೇಲಕ್ಕೆದ್ದಿದೆ."

"ಬರೆದಿಲ್ಲವಲ್ಲ."

"ನಾನು ಕಣ್ಣಾರೆ ನೋಡಿದೀನಿ!"

"ನೀವೇ ತಾನೆ ನನಗೆ ಕಲಿಸಿದ್ದು? ಡಾಕ್ಟ್ರು ಬರೆದಿಲ್ಲ ಅಂದ್ರೆ ರೋಗಿಗೆ ಕಾಯಿಲೇನೇ ಇಲ್ಲ. ಅವರನ್ನ ಕೇಳಬಹುದು, ಆದ್ರೆ ಉತ್ತರಾನ ನಾವೇ ಅವರ ಬಾಯಿಗೆ ಇಡೋ ಹಾಗಿಲ್ಲ." ಹೇಳಿದ ಮೇಲೆ ಅವನಿಗೇ ಒಂಥರಾ ಆಯಿತು. "ಹೋಗಿ ಕೇಳ್ಕೊಂಡು ಬನ್ನಿ. ಅಲ್ಲೀವರೆಗೆ ಕಳಿಸಲ್ಲ."

ಮೆಟ್ಟಿಲಿಳಿಯುವಾಗ ಹೋದ ವಾರದ ಅಡುಗೆಮನೆ ನೆನಪಾಯಿತು. ಗಂಡ ಕೆನ್ನೆ ಹಿಡಿದುಕೊಂಡು ಬಂದು ನಿಂತಿದ್ದ. ಸೌತೆಕಾಯಿ ಹೆಚ್ಚುತ್ತಿದ್ದವಳು ತಿರುಗಿಯೂ ನೋಡದೆ, "ನಾಲ್ಕು ಬಿಂದು ಏಳು. ಉಪ್ಪುನೀರು ಮುಕ್ಕಳಿಸಿ, ಹೋಗತ್ತೆ," ಎಂದಿದ್ದಳು.

"ಸದ್ಯ, ನಂಬರಾದ್ರೂ ಬಂತು. ಇನ್ನು ಯಾವ ಪ್ಲಾಟ್‌ಫಾರ್ಮು ಅಂತ ಹೇಳಿಬಿಡೇ, ಹೋಗಿ ಹತ್ಕೋತೀನಿ," ಎಂದು ಅವನು ನಕ್ಕಿದ್ದ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸು ಕೂಗುವ ಗಂಟಲು ಅವನದು. ಅವಳ ಪಾಲಿಗೆ ಮಾತ್ರ, ಕೋಡು ಕೊಟ್ಟ ಮೇಲೆ ಆ ಹಲ್ಲು ಮುಗಿದ ಫೈಲು.

ಈಗ ಅವನು ಮಂಚದ ಮೇಲೆ ನೆಟ್ಟಗೆ ಕುಳಿತಿದ್ದ. ಒರಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗದ್ದದ ಕೆಳಗಿನ ಚರ್ಮ ಕೆಂಪಗೆ ಬಿಗಿದು ಹೊಳೆಯುತ್ತಿತ್ತು. ನುಂಗಲಾಗದ ಜೊಲ್ಲು ಟವೆಲಿಗೆ ಸುರಿಯುತ್ತಿತ್ತು. ಹೆಂಡತಿಯನ್ನು ಕಂಡು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವನಂತೆ, "ಬಸ್ಸು... ತಡ..." ಎಂದ.

"ಸುಮ್ನಿರ್ರೀ, ಮಾತಾಡಬೇಡಿ."

ಡ್ಯೂಟಿ ಡಾಕ್ಟರು ಎಳೆಯ ಹುಡುಗ. ತಲೆ ಒಡೆದುಕೊಂಡು ಬಂದವನೊಬ್ಬ, ಎದೆ ಹಿಡಿದುಕೊಂಡ ಅಜ್ಜಿಯೊಬ್ಬಳು, ಇಬ್ಬರ ನಡುವೆ ಅವನ ಬೆಳಗು ಹರಿದು ಹಂಚಿಹೋಗಿತ್ತು.

"ಮೇಡಂ, ನಿಮ್ಮ ಕಷ್ಟ ಗೊತ್ತು," ಎಂದ ಒಳ್ಳೆಯತನದಿಂದಲೇ. "ಏನು ಬರೆದ್ರೆ ಪಾಸಾಗತ್ತೆ ಹೇಳಿ, ಬರೆದುಬಿಡ್ತೀನಿ." ಪೆನ್ನಿನ ತುದಿ ಹಾಳೆಯ ಮೇಲೆ ಬಂದು ನಿಂತಿತು.

ಕೋಡು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಬರೆಯುತ್ತಾನೆ. ಬರೆದು ಅಜ್ಜಿಯ ಮಂಚಕ್ಕೆ ಹೋಗುತ್ತಾನೆ. ವಿಮೆಯವರು ಒಪ್ಪುತ್ತಾರೆ, ಹೆಸರು ಸರದಿಯಲ್ಲಿ ನಿಲ್ಲುತ್ತದೆ, ಕತ್ತನ್ನು ಮಾತ್ರ ಯಾರೂ ತಿರುಗಿ ನೋಡಿರುವುದಿಲ್ಲ.

"ಬರೀಬೇಡಿ," ಎಂದಳು. "ಏನೂ ಬರೀಬೇಡಿ ಡಾಕ್ಟ್ರೇ. ಒಂದ್ಸಲ ಕೈಯಿಟ್ಟು ನೋಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವನು ನಿಟ್ಟುಸಿರುಬಿಟ್ಟು ಬಂದು ಎರಡು ಬೆರಳನ್ನು ದವಡೆಯ ಕೆಳಗಿಟ್ಟು ಒತ್ತಿದ. ಮೆತ್ತಗಿರಬೇಕಾದ ಜಾಗ ಹಲಗೆಯಂತೆ ಬಿಗಿದಿತ್ತು. ಮತ್ತೊಮ್ಮೆ ಒತ್ತಿದ.

"ನಾಲಿಗೆ ಚಾಚಿ."

ನಾಲಿಗೆ ಬರಲಿಲ್ಲ.

"ಬೆಳಿಗ್ಗೆ ಇಷ್ಟಿರಲಿಲ್ಲ," ಎಂದ ಹುಡುಗ ತನಗೆ ತಾನೇ. ಮರುಕ್ಷಣ ಅವನ ಕೂಗಿಗೆ ಇಡೀ ವಿಭಾಗ ತಿರುಗಿತು: "ಗಂಟಲಿನ ಡಾಕ್ಟ್ರನ್ನ ಕರೀರಿ! ಪರ್ಮಿಶನ್ ಗಿರ್ಮಿಶನ್ ಎಲ್ಲ ಆಮೇಲೆ!"

ಮಂಚ ಓಡಿತು. ಗಂಡ ಅವಳ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದ. ಬಾಗಿಲ ಬಳಿ ನರ್ಸಮ್ಮ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಬಾಗಿಲು ಮುಚ್ಚಿತು. ಇಲ್ಲಿ ನಿಲ್ಲಬೇಡಿ, ವಿಷಯ ಗೊತ್ತಾದ ಕೂಡಲೆ ಫೋನ್ ಮಾಡ್ತೀವಿ ಎಂದರು. ಕಾಲುಗಳಿಗೆ ಗೊತ್ತಿದ್ದದ್ದು ಮೇಲಿನ ಕೋಣೆಯ ದಾರಿಯೊಂದೇ.

ಎಲುಬಣ್ಣನ ಪರದೆಗೆ ಅಷ್ಟರಲ್ಲಿ ಹೊಸ ಸಾಲು ಬಂದಿತ್ತು: ಬಾಯಿಯ ತಳದಲ್ಲಿ ಹರಡಿದ ಸೋಂಕು, ಉಸಿರಿನ ದಾರಿ ಮುಚ್ಚಿಕೊಳ್ಳುತ್ತಿದೆ. ಅವನು ಕೆ ಹನ್ನೆರಡು ಬಿಂದು ಎರಡು ಎಂದು ಒತ್ತಿ ಕಳಿಸಿದ. ಒಪ್ಪಿಗೆ ಬರಲು ಹೊತ್ತು ಹಿಡಿಯಲಿಲ್ಲ.

"ಬಂತು ಅಕ್ಕಾ," ಎಂದ.

ಅವಳು ಎರಡು ಬೆರಳನ್ನು ತನ್ನ ದವಡೆಯ ಕೆಳಗಿಟ್ಟು ಒತ್ತಿದಳು. ಮೆತ್ತಗಿತ್ತು. ಸ್ವಲ್ಪ ಬಿಟ್ಟು ಮತ್ತೆ ಒತ್ತಿದಳು. ಮೇಜಿನ ಮೇಲಿನ ಫೋನು ಸುಮ್ಮನಿತ್ತು. ಎದುರಿಗೆ ಎಲುಬಣ್ಣನೂ ಕೀಲಿಮಣೆಯಿಂದ ಕೈ ತೆಗೆದು, ತನ್ನ ಗದ್ದದ ಕೆಳಗೆ ಬೆರಳಿಟ್ಟುಕೊಂಡು, ಆ ಫೋನನ್ನೇ ನೋಡುತ್ತ ಕುಳಿತಿದ್ದ.