ಪರದೆಯ ಈಚೆ

ಸರ್ವಮಂಗಳಾ ಟೀಚರಿಗೆ ವಾರದಲ್ಲಿ ತನ್ನದೆಂದು ಇದ್ದದ್ದು ಒಂದೇ ಒಂದು ಮಸಾಲೆ ದೋಸೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಶ್ರೀರಾಂಪುರದ ಬಸ್ಸು ಹಿಡಿಯುವ ಮೊದಲು, ಅಗ್ರಹಾರದ ಸದಾಶಿವಯ್ಯನವರ ಹೋಟೆಲಿಗೆ ಹೋಗಿ ‘ಫ್ಯಾಮಿಲಿ ರೂಮ್’ನ ಪರದೆ ಸರಿಸಿ ಕೂರುವಳು. ಮನೆಯಲ್ಲಿ ಎಲ್ಲರಿಗೂ ದೋಸೆ ಹುಯ್ದು ಹುಯ್ದು ಕಡೆಯದನ್ನು ತಣ್ಣಗೆ ತಿನ್ನುವವಳಿಗೆ ಆ ಅರ್ಧ ಗಂಟೆ ಎಂದರೇನು ಎಂಬುದು ಬಡಿಸಿಕೊಂಡು ತಿನ್ನುವವರಿಗೆ ತಿಳಿಯುವುದಿಲ್ಲ.

ಆ ರೂಮಿಗೆ ಕಿಟಕಿಯಿಲ್ಲ. ಪಕ್ಕದಲ್ಲೇ ಕೈ ತೊಳೆಯುವ ಜಾಗ. ಫ್ಯಾನು ತಿರುಗಿದರೆ ತಿರುಗಿತು. ಗಾಳಿ, ಬೆಳಕು ಎಲ್ಲ ಹೊರಗಿನ ಹಾಲಿನಲ್ಲಿ, ಗಂಡಸರಿಗೆ. ಹೆಂಗಸರು ಕೂರುವುದು ಒಳಗೇ ಎಂದು ಹನ್ನೆರಡು ವರ್ಷ ಅವಳೂ ತೆಪ್ಪಗೆ ಕೂತಿದ್ದಳು.

ತೊಂಬತ್ತಾರರ ಡಿಸೆಂಬರಿನ ಒಂದು ಶನಿವಾರ ಪರದೆ ಸರಿಸಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಅರಮನೆ ನೋಡಲು ಬಂದ ಬಸ್ಸಿನ ಜನ ತುಂಬಿದ್ದರು. ಎಲ್ಲರೂ ಗಂಡಸರೇ.

“ಏನ್ ಸದಾಶಿವಯ್ಯನೋರೇ ಇದು?”

ಗಲ್ಲಾದಲ್ಲಿದ್ದ ಸದಾಶಿವಯ್ಯ ಹಲ್ಲು ಕಿರಿದರು. “ದೂರದಿಂದ ಬಂದೋರು ಕಣಮ್ಮ. ಒಟ್ಟಿಗೇ ಕೂರ್ಬೇಕು ಅಂದ್ರು, ಕೂರಿಸ್ಬುಟ್ಟೆ. ನೀವು ನಮ್ಮೋರೇ ಅಲ್ವಾ? ಪಾರ್ಸಲ್ ಕಟ್ಟಿಸ್ಕೊಡ್ತೀನಿ, ಮನೇಲಿ ಆರಾಮಾಗಿ ತಿನ್ನಿ.”

ನಮ್ಮೋರಂತೆ. ಎದ್ದು ಹೋಗಿ ಅನ್ನುವಾಗ ಮಾತ್ರ ನೆನಪಾಗುವ ನಮ್ಮೋರು. ಸರ್ವಮಂಗಳಾಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಪೊಟ್ಟಣ ಬಿಚ್ಚಿದರೆ ದೋಸೆ ನಾಲ್ಕು ಪಾಲಾಗಿ, ಅವಳಿಗೆ ಎಲೆಗೆ ಅಂಟಿದ ಪಲ್ಯವಷ್ಟೇ ಉಳಿಯುತ್ತಿತ್ತು.

ನೇರವಾಗಿ ಹಾಲಿಗೆ ನಡೆದು, ಫ್ಯಾನಿನ ಕೆಳಗಿನ ಖಾಲಿ ಕುರ್ಚಿಯಲ್ಲಿ ಕೂತಳು. ಎದುರಿಗಿದ್ದವನು ಪೇಪರಿನ ಮೇಲಿಂದ ನೋಡಿ, ಕಾಫಿ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋದ. ಒಳ್ಳೆಯದೇ ಆಯಿತು ಎಂದು ಆ ಕುರ್ಚಿಯ ಮೇಲೆ ಬ್ಯಾಗಿಟ್ಟಳು.

“ಅಲ್ಲಿ ಗಂಡಸ್ರು ಕೂರೋದು ಕಣಮ್ಮ,” ಸದಾಶಿವಯ್ಯ ಹತ್ತಿರ ಬಂದು ದನಿ ತಗ್ಗಿಸಿದರು. “ನೋಡ್ದೋರು ಏನಂದ್ಕೊಂಡಾರು?”

“ಹೆಂಗಸ್ರ ಜಾಗ್ದಲ್ಲಿ ಗಂಡಸ್ರನ್ನ ಕೂರಿಸ್ದಾಗ ಯಾರೇನಂದ್ಕೊಂಡ್ರು?”

ಸದಾಶಿವಯ್ಯ ಅಡಿಗೆಮನೆಯ ಕಡೆ ತಿರುಗಿ, “ಒಂದು ಮಸಾಲೆ, ಪಾರ್ಸಲ್” ಎಂದು ಕೂಗಿದರು.

ಸಪ್ಲೈಯರ್ ರುದ್ರಸ್ವಾಮಿ ಪೊಟ್ಟಣವನ್ನು ತಂದು, ಅವಳ ಮುಖ ನೋಡಲಾರದೆ ಮೇಜಿನ ಮೇಲಿಟ್ಟ. ಇಡೀ ಹಾಲು ಅವಳನ್ನೇ ನೋಡುತ್ತಿತ್ತು. ಸರ್ವಮಂಗಳಾ ದಾರ ಬಿಚ್ಚಿದಳು. ಪೇಪರು ಬಿಡಿಸಿ, ಬಾಳೆಎಲೆಯನ್ನು ಮೇಜಿನ ಮೇಲೆ ಅಗಲವಾಗಿ ಹರಡಿದಳು. ದೋಸೆಯಿಂದ ಇನ್ನೂ ಹಬೆ ಏಳುತ್ತಿತ್ತು. ಅಂಚು ಮುರಿದು ಬಾಯಿಗಿಟ್ಟು, ಒಂದಿಷ್ಟೂ ಅವಸರವಿಲ್ಲದೆ ತಿಂದಳು.

“ರುದ್ರಸ್ವಾಮಿ, ಚಟ್ನಿ ಸಾಲ್ದು,” ಎಂದಳು. “ಮುಂದಿನ ಶನಿವಾರ ತಟ್ಟೇಲೇ ತಗೊಂಡ್ಬನ್ನಿ. ಇಲ್ಲಿಗೇ.”